ಕಿವಿ ಕಳೆದುಕೊಂಡ ಅಕ್ಷರ

ಅವರ ಎಡಗಿವಿಯ ಹಾಲೆಗೆ ಯಾವಾಗಲೂ ಕುಂಕುಮ ಹತ್ತಿರುತ್ತಿತ್ತು. ಕುಂಕುಮ ಅಂದುಕೊಂಡವಳು ನಾನು. ಮೊದಲ ಸಲ ಅವರು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಾಗ, ಈ ಜಪಾನಿ ಅಜ್ಜಿ ಯಾವ ಗುಡಿಗೆ ಹೋಗಿ ಬಂದರು, ಹಣೆ ಬಿಟ್ಟು ಕಿವಿಗೇಕೆ ಹಚ್ಚಿಸಿಕೊಂಡರು ಎಂದು ಯೋಚಿಸಿದ್ದೆ. ಅದು ಕೆಂಪು ಮಸಿ ಎಂದು ಆಮೇಲೆ ತಿಳಿಯಿತು. ಅವರು ಕುಂಚದಲ್ಲಿ ಅಕ್ಷರ ಬರೆಯುವುದನ್ನು ಕಲಿಸುವ ಟೀಚರ್. ಮಕ್ಕಳು ಕಪ್ಪು ಮಸಿಯಲ್ಲಿ ಬರೆದದ್ದರ ಪಕ್ಕದಲ್ಲಿ ಮೇಷ್ಟ್ರು ಕೆಂಪು ಮಸಿಯಲ್ಲಿ ಸರಿಯಾದ ರೂಪ ಬರೆದು ತೋರಿಸುವುದು ಅವರ ಪದ್ಧತಿ. ಬಿಸಿ ಪಾತ್ರೆ ಮುಟ್ಟಿ ಬೆರಳು ಸುಟ್ಟರೆ ಅವರ ನಾಡಿನವರು ಥಟ್ಟನೆ ಕಿವಿಯ ಹಾಲೆ ಹಿಡಿದುಕೊಳ್ಳುತ್ತಾರಂತೆ. ಮೈಯಲ್ಲಿ ಅದೊಂದು ಜಾಗ ಸದಾ ತಣ್ಣಗಿರುತ್ತದಂತೆ. ಟೀಚರಿಗೆ ಬೆರಳು ಸುಡದೆಯೂ ಆ ಅಭ್ಯಾಸ. ಮಾತು ಕೇಳಿಸದಿದ್ದರೆ ಕೈ ಕಿವಿಗೆ, ಬಸ್ಸು ತಡವಾದರೆ ಕೈ ಕಿವಿಗೆ. ಕೆಂಪು ಅಳಿಸಿ ಹೋಗುವಷ್ಟರಲ್ಲಿ ಮತ್ತೊಂದು ಶನಿವಾರದ ಕ್ಲಾಸು ಬಂದಿರುತ್ತಿತ್ತು.

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷೆ ಮಾಡಿ ಮಿಷನ್ನು ಹಾಕಿಕೊಡುವವಳು. ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಮನೆ, ರೌಸ್ ಹಿಲ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ನೋಡುವವರಿಗೆ ತಂಪು ಕೋಣೆಯಲ್ಲಿ ಕೂತು ಮಾಡುವ ಸುಖದ ಕೆಲಸ. ಆದರೆ ದಿನವಿಡೀ ಅದೇ ನಾಲ್ಕು ಮಾತನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ನಗುಮುಖದಲ್ಲಿ ಹೇಳಿ ನೋಡಿ. ಸಂಜೆ ಮನೆಗೆ ಬರುವಷ್ಟರಲ್ಲಿ ನನ್ನ ಗಂಟಲಲ್ಲಿ ದನಿಯೇ ಉಳಿದಿರುತ್ತಿರಲಿಲ್ಲ. ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ. ಸಾಲದ ಮನೆ ಇಲ್ಲಿ, ಸಂಬಳ ಅಲ್ಲಿ. ಕೆಲವು ವಾರ ಅವರು ವಿಮಾನ ಹತ್ತಿ ಬರುತ್ತಿದ್ದರು, ಶಾಲೆಗೆ ರಜೆಯಿದ್ದಾಗ ನಾನು ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೋಗುತ್ತಿದ್ದೆ. ಇದಕ್ಕೆ ಸಂಸಾರ ಅಂತ ಹೆಸರು.

ಮಗಳು ಕನ್ನಡ ಮಾತಾಡುವುದನ್ನು ಬಿಟ್ಟಿದ್ದಳು. ಚಿಕ್ಕವಳಿದ್ದಾಗ ತೊದಲುತ್ತ ಮಾತಾಡುತ್ತಿದ್ದಳು. ಬಾಯಿ ತೆರೆದಾಗಲೆಲ್ಲ ಅವಳಪ್ಪ "ಹಂಗಲ್ಲವ್ವಾ, ಹಿಂಗ" ಎನ್ನುತ್ತಿದ್ದರು. ಹುಬ್ಬಳ್ಳಿಯಿಂದ ಅತ್ತೆಯವರು ವಿಡಿಯೋ ಕಾಲ್‌ನಲ್ಲಿ ನಗುತ್ತಿದ್ದರು. ಪ್ರೀತಿಯ ನಗುವೇ. ಆದರೂ ಹುಡುಗಿ ಇಂಗ್ಲಿಷಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದನ್ನು ತಟ್ಟುವಷ್ಟು ಕಸುವು ಸಂಜೆ ಹೊತ್ತಿಗೆ ನನ್ನಲ್ಲಿ ಇರುತ್ತಿರಲಿಲ್ಲ.

ಟೀಚರ್ ಬಂದದ್ದು ಇಂಥ ದಿನಗಳಲ್ಲಿ. ಪರೀಕ್ಷೆಯ ಗೂಡಿನಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟೆ. ಸದ್ದು ಕೇಳಿಸಿದಾಗ ಒತ್ತಿ ಎಂದೆ. ನಾನು ಸದ್ದು ಬಿಟ್ಟಾಗಲೂ ಒತ್ತಿದರು, ಬಿಡದಿದ್ದಾಗಲೂ ಒತ್ತಿದರು. ಇಷ್ಟು ಚೆನ್ನಾಗಿ ಕೇಳುವ ಕಿವಿಗೆ ನಮ್ಮಲ್ಲೇನು ಕೆಲಸ ಎಂದು ಹೊರಗೆ ಕರೆದು ವಿಚಾರಿಸಿದರೆ ನಾಚಿಕೊಂಡು ಹೇಳಿದರು:

"ನೀವು ಅಷ್ಟು ತ್ರಾಸ ತಗೊಂಡು ಸಪ್ಪಳ ಮಾಡಾಕತ್ತೀರಿ. ಕೇಳಸಲಿಲ್ಲ ಅಂದ್ರ ನಿಮಗ ಬ್ಯಾಸರ ಆಗೂದಿಲ್ಲೇನು?"

ಮರ್ಯಾದೆಗಾಗಿ ಕಿವಿಪರೀಕ್ಷೆಯಲ್ಲಿ ಪಾಸಾಗಲು ನೋಡಿದವರನ್ನು ನಾನು ಅವರೊಬ್ಬರನ್ನೇ ಕಂಡದ್ದು. ಇಲ್ಲೊಂದು ಮಾತು ಹೇಳಬೇಕು. ನಮ್ಮಿಬ್ಬರ ಮಾತುಕತೆ ಇಂಗ್ಲಿಷಿನಲ್ಲೇ ನಡೆದದ್ದು. ಅವರದು ನಿಂತು ನಿಂತು ನಡೆಯುವ ಇಂಗ್ಲಿಷು, ನನ್ನದು ಧಾರವಾಡದ ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರು ಅಪ್ಪಟ ಧಾರವಾಡದ ಕನ್ನಡ ಮಾತಾಡುತ್ತಾರೆ. ತಪ್ಪಿದ್ದರೆ ಅದು ನನ್ನ ಕಿವಿಯದು.

ಎರಡನೆಯ ಸಲ ಸರಿಯಾಗಿ ಪರೀಕ್ಷೆ ಆಯಿತು. ಎಡಗಿವಿ ಬಹುಪಾಲು ಹೋಗಿತ್ತು, ಬಲಗಿವಿ ಅದೇ ದಾರಿ ಹಿಡಿದಿತ್ತು. ನಿಲ್ಲಿಸುವ ಔಷಧಿ ಇಲ್ಲ ಎಂದು ಅವರ ಡಾಕ್ಟರು ಆಗಲೇ ಹೇಳಿದ್ದರು. ನಾನು ಮೆತ್ತಗೆ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಎಲ್ಲಾ ಕೇಳಸಬೇಕಂತ ನನಗ ಆಸೆ ಇಲ್ರಿ ಕಿವಿ ಡಾಕ್ಟ್ರ. ಮೆಲ್ಬರ್ನಿನಾಗ ಮಗಳು ಅದಾಳ. ಮೆಸೇಜ್ ಮಾಡ್ತಾಳ, ಮಾತಾಡೂದಿಲ್ಲ. ಆಕಿ ದನಿ ಒಮ್ಮೆ ಕೇಳಬೇಕು. ಆಮ್ಯಾಲ ಈ ಕಿವಿ ಹೋಗ್ಲಿ ಬಿಡ್ರಿ."

ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಕಿವಿ ಡಾಕ್ಟ್ರ ಎಂಬುದು ಖಾಯಂ ಆಯಿತು. ಮಿಷನ್ನು ಹಾಕಿಕೊಟ್ಟೆ. ಮುಂದಿನ ವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಕಾಗೆ ಕೇಳಿಸುತ್ತದೆ, ಫ್ರಿಜ್ಜು ಕೇಳಿಸುತ್ತದೆ, ತಮ್ಮದೇ ಚಪ್ಪಲಿ ಕೇಳಿಸುತ್ತದೆ, ಮನುಷ್ಯರ ಮಾತು ಮಾತ್ರ ಮೊದಲಿನ ಹಾಗೇ ಇದೆ ಎಂದರು. ಮಿಷನ್ನು ಸದ್ದನ್ನು ದೊಡ್ಡದು ಮಾಡುತ್ತದೆ, ತಿಳಿ ಮಾಡಲಾರದು ಎಂದೆ. ಅದೂ ನನ್ನ ದಿನದ ಮಾತುಗಳಲ್ಲೊಂದು. ಅವರು ಕಿವಿ ಹಿಡಿದುಕೊಂಡರು. ಆಮೇಲೆ ನನ್ನ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಒಂದು ದೊಡ್ಡ ಅಕ್ಷರ ಬರೆದರು, 聲. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಮಲಗಿದ ಹಾಗಿತ್ತು, ಅಷ್ಟು ಗೆರೆಗಳು.

ಅದು 'ಕೊಎ', ಅಂದರೆ ದನಿ. ಮೇಲೆ ಎಡಗಡೆ ಇರುವುದು ತೂಗುಹಾಕಿದ ಕಲ್ಲು. ಹಿಂದೆ ಚೀನಾದಲ್ಲಿ ಅಂಥ ಕಲ್ಲನ್ನು ಬಡಿದು ನಾದ ಎಬ್ಬಿಸುತ್ತಿದ್ದರಂತೆ. ಬಲಗಡೆ ಕೋಲು ಹಿಡಿದ ಕೈ. ಕೆಳಗೆ, ಇಡೀ ಭಾರ ಹೊತ್ತುಕೊಂಡು, ಕಿವಿ. ನಮ್ಮ ಶಾಲೆಯ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ಕಟ್ಟಿದ್ದರು. ಶಾಲೆಯ ಜವಾನ ಕಬ್ಬಿಣದ ಸರಳಿನಿಂದ ಅದನ್ನು ಬಡಿದರೆ ಊರಿಗೆಲ್ಲ ಗಂಟೆ. ಅದನ್ನು ಹೇಳಿದೆ. ಅವರಿಗೆ ಖುಷಿಯಾಯಿತು. "ಹೌದು, ಹಂಗ! ಅದ!" ಎಂದು ಪಕ್ಕದಲ್ಲೇ ಇನ್ನೊಂದು ಬರೆದರು, 声. ಈಗ ಜಪಾನಿನಲ್ಲಿ ಎಲ್ಲರೂ ಬರೆಯುವುದು ಇದು. ಯುದ್ಧ ಮುಗಿದ ಮೇಲೆ ಸರ್ಕಾರ ಕಷ್ಟದ ಅಕ್ಷರಗಳನ್ನೆಲ್ಲ ಸಲೀಸು ಮಾಡಿತಂತೆ. ಶಾಲೆಯ ಪುಸ್ತಕದಲ್ಲೂ ಇದೇ, ಪತ್ರಿಕೆಯಲ್ಲಿ ಓದುಗರ ಪತ್ರಗಳ ಮೇಲೆಯೂ ಇದೇ. ಹಕ್ಕಿಯ ದನಿಗೂ ಬೇಸಿಗೆಯ ಹುಳದ ದನಿಗೂ ಇದೇ.

ನಾನು ಎರಡನ್ನೂ ನೋಡಿದೆ. ಹೊಸದರಲ್ಲಿ ತೂಗುಹಾಕಿದ ಕಲ್ಲೊಂದೇ ಉಳಿದಿತ್ತು. ಬಡಿಯುವ ಕೈಯೂ ಇಲ್ಲ, ಕೇಳುವ ಕಿವಿಯೂ ಇಲ್ಲ.

"ನೋಡ್ರಿ," ಎಂದರು, "ನನ್ನ ಕಿವಿ ಹೋಗೂದಕ್ಕ ಮೊದಲ ಅಕ್ಷರದ್ದು ಹೋಗಿತ್ತು." ನಕ್ಕರು. ನನಗೆ ನಗು ಬರಲಿಲ್ಲ. ಅಂದು ಮಧ್ಯಾಹ್ನ ಬಂದವರ ಜೊತೆ ನಾನು ಯಾಕೋ ಸ್ವಲ್ಪ ನಿಧಾನ ಮಾತಾಡಿದೆ.

ಟೀಚರೇ ಕರೆದದ್ದಕ್ಕೆ ನನ್ನ ಮಗಳನ್ನು ಶನಿವಾರದ ಕ್ಲಾಸಿಗೆ ಸೇರಿಸಿದೆ. ಕಮ್ಯುನಿಟಿ ಹಾಲಿನಲ್ಲಿ ಕ್ಲಾಸು. ತಾಯಂದಿರು ಸುಮ್ಮನೆ ಕೂತು ಫೋನು ಒತ್ತುವುದು ಅವರಿಗೆ ಆಗದು, ನನ್ನ ಕೈಗೂ ಕುಂಚ ಬಂತು. ಕ್ಲಿನಿಕ್ಕಿನಲ್ಲಿ ನೀವು, ಕ್ಲಾಸಿನಲ್ಲಿ ನೀನು. ಇಂಗ್ಲಿಷಿಗೆ ಆ ವ್ಯತ್ಯಾಸ ಗೊತ್ತಿಲ್ಲ, ಆದರೆ ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ನಾನು ಮೊದಲ ಗೆರೆ ಎಳೆದೆ. ತೆಳ್ಳಗಾಯಿತು ಅನ್ನಿಸಿ ಅದರ ಮೇಲೇ ಇನ್ನೊಮ್ಮೆ ಎಳೆದೆ. ಮಣಿಕಟ್ಟಿಗೆ ಕುಂಚದ ಹಿಡಿಯಿಂದ ಒಂದು ಏಟು ಬಿತ್ತು.

"ಎಳದ ಗೆರಿ ಎಳದಂಗ. ಹೊಳ್ಳಿ ಅದರ ಮ್ಯಾಲ ಹೋಗಬ್ಯಾಡ."

ಮತ್ತೆ ಎಳೆದೆ, ಮತ್ತೆ ಏಟು. ಗೆರೆ ವಕ್ರವಾಗಲಿ, ತೆಳುವಾಗಲಿ, ಮಸಿ ಚೆಲ್ಲಲಿ, ಅವರು ಏನೂ ಅನ್ನುತ್ತಿರಲಿಲ್ಲ. ಮೇಲೆ ಇನ್ನೊಮ್ಮೆ ಎಳೆದರೆ ಮಾತ್ರ ಆಗುತ್ತಿರಲಿಲ್ಲ. ಅವರ ಶಾಸ್ತ್ರದಲ್ಲಿ ಅದೊಂದೇ ಪಾಪ. ಆದರೆ ನನ್ನ ಕೈ ಕೇಳಬೇಕಲ್ಲ! ಬೇರೆ ಮಕ್ಕಳು, ಅವರ ತಾಯಂದಿರು ಯಾರೂ ಮಾಡದ ತಪ್ಪನ್ನು ನಾನು ಗೆರೆಗೆರೆಗೂ ಮಾಡುತ್ತಿದ್ದೆ. ಕೊನೆಗೆ ಅವರಿಗೇ ಅನುಮಾನ ಬಂದು, ಚಿಕ್ಕಂದಿನಲ್ಲಿ ನಿನಗೆ ಯಾರು ಬರೆಯಲು ಕಲಿಸಿದರು ಎಂದು ಕೇಳಿದರು.

ಅಪ್ಪ ಎಂದೆ. ನಮ್ಮಲ್ಲಿ ಪಾಟಿಯ ಮೇಲೆ ದೊಡ್ಡವರು ಒಂದು ಅ ಬರೆದು ಕೊಡುತ್ತಾರೆ. ಮಗು ಬಳಪ ಹಿಡಿದು ಅದರ ಮೇಲೇ ಮತ್ತೆ ಮತ್ತೆ ತಿದ್ದಬೇಕು. ಮೊದಮೊದಲು ದೊಡ್ಡವರು ಕೈಹಿಡಿದು ತಿದ್ದಿಸುತ್ತಾರೆ. ತಿದ್ದೀ ತಿದ್ದೀ ಅಕ್ಷರ ಕೊಬ್ಬಿದ ಕುಂಬಳಕಾಯಿ ಆಗುತ್ತದೆ. ಅದು ಎಷ್ಟು ದಪ್ಪವಾದರೆ ಮನೆಯಲ್ಲಿ ಅಷ್ಟು ಸಂತೋಷ.

ಅವರ ಕೈ ಕಿವಿಗೆ ಹೋಯಿತು. "ಮತ್ತ ಹಾಳಿ ಯಾರೂ ಹರೀತಿರಲಿಲ್ಲ?"

"ಪಾಟಿ ಹರಿಯಾಕ ಹೆಂಗ ಬರ್ತದರಿ ಟೀಚರ್?"

ಅವರು ನಗಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ, ಕುಂಚಗಳನ್ನು ತೊಳೆಯುತ್ತ ತಮ್ಮ ಮಗಳ ವಿಷಯ ಹೇಳಿದರು. ಹುಡುಗಿ ಆ 'ಕೊಎ' ಅಕ್ಷರವನ್ನೇ, ಈಗಿನ ಸಲೀಸು ರೂಪದಲ್ಲಿ, ಬರೆಯುತ್ತಿದ್ದಳಂತೆ. ಕೊನೆಯ ಗೆರೆ ಎಡಕ್ಕೆ ಇಳಿಯುವಾಗ ಕುಂಚದಲ್ಲಿ ಮಸಿ ಮುಗಿಯಿತು. ಹುಡುಗಿ ಮಸಿ ಅದ್ದಿ ಅದರ ಮೇಲೇ ಎಳೆದಳು. ಟೀಚರ್ ಇಡೀ ಕ್ಲಾಸಿನ ಎದುರು ಹಾಳೆ ಎತ್ತಿ, ಇದು ಸುಳ್ಳು ಎಂದು ಹೇಳಿ, ಹರಿದು ಹಾಕಿದರು. ಮಗಳು ಅಳಲಿಲ್ಲ. ಕುಂಚ ತೊಳೆದು, ಒಣಗಲು ತೂಗುಹಾಕಿ ಹೋದವಳು ಮತ್ತೆ ಅದನ್ನು ಮುಟ್ಟಲಿಲ್ಲ. ಓದಲು ಮೆಲ್ಬರ್ನಿಗೆ ಹೋದಳು, ಅಲ್ಲೇ ನರ್ಸ್ ಆದಳು. ಮೊದಲು ಜಪಾನಿ ಮಾತು ನಿಂತಿತು, ಆಮೇಲೆ ಇಂಗ್ಲಿಷ್ ಮಾತೂ ಕಡಿಮೆಯಾಯಿತು.

"ಜಗಳ ಆಡೇ ಇಲ್ಲ ನಾವು," ಎಂದರು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಸುಮ್ಮನಿರುವವರ ನಡುವೆ ಹೋಗಿ ಯಾರು ಪಂಚಾಯ್ತಿ ಮಾಡುತ್ತಾರೆ?

ಅದೇ ವರ್ಷ ಶಾಲೆಗೆ ರಜೆ ಬಂದಾಗ, ಮೆಲ್ಬರ್ನಿಗೆ ಹೊರಟ ನಮ್ಮ ಕಾರಿನಲ್ಲಿ ತಮಗೂ ಜಾಗವಿದೆಯೇ ಎಂದು ಕೇಳಿದರು. "ಫೋನಿನಾಗ ಆಗೂದಿಲ್ಲ. ಎದುರಿಗೆ ಕೂತು ಕೇಳಬೇಕು. ಬಲಗಿವಿ ಇರೂತನಕ." ಮಗಳಿಗೆ ಮೆಸೇಜ್ ಹಾಕಿದ್ದರು. "ಬಾ" ಎಂದಷ್ಟೇ ಉತ್ತರ ಬಂದಿತ್ತು.

ಸಿಡ್ನಿ ಬಿಟ್ಟರೆ ಮೆಲ್ಬರ್ನ್ ಮುಟ್ಟುವವರೆಗೆ ಒಂದೇ ಹೈವೇ, ಒಂದೇ ಹುಲ್ಲು, ಒಂದೇ ಬಣ್ಣದ ದನಗಳು. ಕಾರಿನ ಸದ್ದಿನಲ್ಲಿ ಅವರಿಗೆ ಮಾತು ಕೇಳಿಸದು, ನನಗೂ ಮಾತಾಡುವ ಚೈತನ್ಯವಿಲ್ಲ. ಗೌಲ್‌ಬರ್ನ್ ದಾಟಿದ ಮೇಲೆ ಮರದ ಕೆಳಗಿನ ಬೆಂಚಿನಲ್ಲಿ ಕೂತು ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆ. ಚಟ್ನಿ ಅವರಿಗೆ ಹಿಡಿಸಿತು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಅವರ ಬಲಗಡೆ ಕೂತು ಕೇಳಿಬಿಟ್ಟೆ. "ಟೀಚರ್, ಅಷ್ಟು ಚಂದದ ಅಕ್ಷರದಿಂದ ಕಿವಿ ಕಿತ್ತು ತಗದ ಪುಣ್ಯಾತ್ಮ ಯಾರ್ರೀ?"

"ಯಾರೂ ಕಿತ್ತಿಲ್ಲ," ಎಂದರು. ಸರ್ಕಾರಕ್ಕಿಂತ ಎಷ್ಟೋ ಕಾಲ ಮೊದಲೇ ಜನ ಅದನ್ನು ಹಾಗೆ ಬರೆಯುತ್ತಿದ್ದರಂತೆ. ಗಡಿಬಿಡಿಯಲ್ಲಿದ್ದವರು, ಅಂಗಡಿಯವರು, ದಿನವಿಡೀ ಬರೆದು ಕೈಸೋತ ಗುಮಾಸ್ತರು. ಸರ್ಕಾರ ಕೊನೆಗೆ ಬಂದು ಠಸ್ಸೆ ಒತ್ತಿತು, ಅಷ್ಟೇ.

"ದಣದವರು ಮಾಡಿದ್ದು ಅದು. ನಾ ಮೊದಲ ಅದನ್ನ ಕೀಳು ಅಂತಿದ್ದೆ. ಪ್ರದರ್ಶನದಾಗ ಹಳೇದ ಬರೀತಿದ್ದೆ, ಕಿವಿ, ಕೈ ಎಲ್ಲಾ ಕೂಡಿಸಿ. ಈಗ ನೋಡು, ದಣದವರಿಗೂ ದನಿ ಅಂತ ಬರೀಲಿಕ್ಕೆ ಬರಬೇಕಲ್ಲಾ? ಅರ್ಧ ಬರದ್ರೂ ಓದವ್ರು ಅದನ್ನ ದನಿ ಅಂತನ ಓದ್ತಾರ."

ನನ್ನ ಮಗಳು ಬೆಂಚಿನ ಆ ತುದಿಯಲ್ಲಿ ಚಪಾತಿ ಸುರುಳಿ ಸುತ್ತಿಕೊಂಡು ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ. ನಾನು ಚಟ್ನಿಯ ಡಬ್ಬಿ ಮುಚ್ಚುತ್ತ ಅಳುತ್ತಿದ್ದೆ. ಖಾರಕ್ಕಲ್ಲ.

ಅವರ ಮಗಳು ಬಾಗಿಲು ತೆರೆದಾಗ ಇನ್ನೂ ಆಸ್ಪತ್ರೆಯ ಬಟ್ಟೆಯಲ್ಲಿದ್ದರು. ಐವತ್ತರ ಆಸುಪಾಸು, ಡ್ಯೂಟಿ ಮುಗಿಸಿ ಆಗಷ್ಟೇ ಬಂದ ಮುಖ. ಟೀಚರನ್ನು ಇಳಿಸಿ ಹೊರಡಬೇಕೆಂದಿದ್ದೆ. ಮಗಳು ನನ್ನ ತೋಳು ಹಿಡಿದು, "ಪ್ಲೀಸ್, ಟೀ ಕುಡಿದು ಹೋಗಿ," ಎಂದರು. ತಾಯಿಯ ಜೊತೆ ಒಬ್ಬರೇ ಉಳಿಯಲು ಹೆದರಿದ್ದರು. ಟೀ ಬಂತು. ಪ್ರಯಾಣ ಹೇಗಾಯಿತು ಎಂದು ಮಗಳು ಟೀ ಕಪ್ಪನ್ನೇ ನೋಡುತ್ತ ಬೇಗ ಬೇಗ ಕೇಳಿದರು. ಟೀಚರ್ ನನ್ನ ಮುಖ ನೋಡಿದರು. ಇಷ್ಟು ದೂರ ಬಂದು, ಮಗಳ ದನಿ ಎದುರಿಗೇ ಇದ್ದು, ಒಂದು ಅಕ್ಷರವೂ ಅವರಿಗೆ ದಕ್ಕಿರಲಿಲ್ಲ.

"ಬಲಗಡೆ ಬಂದು ಕೂತ್ಕೊಳ್ಳಿ," ಎಂದೆ ಆ ಹೆಣ್ಣುಮಗಳಿಗೆ. "ನಿಮ್ಮ ಮುಖದ ಮೇಲೆ ಬೆಳಕು ಬೀಳಲಿ. ಕಿರುಚೋದು ಬೇಡ. ನಿಧಾನ ಹೇಳಿ." ದಿನವಿಡೀ ಹೇಳಿ ಹೇಳಿ ನನಗೇ ಹೇಸಿಗೆ ಬಂದಿದ್ದ ನಾಲ್ಕು ಮಾತುಗಳು ಅವೇ.

ಮಗಳು ಬಂದು ಬಲಗಡೆ ಕುಳಿತರು. ಆದರೆ ಏನು ಹೇಳುವುದು? ಆಗ ಟೀಚರ್, "ಕೊಎ. ಬರೆ," ಎಂದರು. ಮಗಳ ಮುಖ ಕಲ್ಲಾಯಿತು. ಹೊರಗೆ ಹೋಗಿಬಿಡಲೇ ಎಂದು ನಾನು ಬಾಗಿಲ ಕಡೆ ನೋಡಿದೆ. ಮಗಳು ಮೇಜಿನ ಮೇಲಿದ್ದ ಸೂಪರ್‌ಮಾರ್ಕೆಟ್ಟಿನ ಜಾಹೀರಾತಿನ ಹಾಳೆ ಮಗುಚಿ, ಮಾರ್ಕರ್ ತೆಗೆದುಕೊಂಡು ಬರೆದರು. ಕಿವಿ ಇಲ್ಲದ್ದನ್ನೇ, ದಣಿದವರದ್ದನ್ನೇ. ಕೊನೆಯ ಗೆರೆ ಎಡಕ್ಕೆ ಇಳಿಯುವಾಗ ಮಾರ್ಕರ್ ಒಣಗಿಹೋಯಿತು. ಗೆರೆ ಅರ್ಧಕ್ಕೆ ಮಾಸಿತು, ಕೈ ಗಾಳಿಯಲ್ಲಿ ನಿಂತಿತು. ಅದರ ಮೇಲೆ ಹೋಗಲಿಲ್ಲ. ಅಷ್ಟು ವರ್ಷಗಳ ಮೇಲೂ ಹೋಗಲಿಲ್ಲ.

ಟೀಚರ್ ಚೀಲದಿಂದ ಕೆಂಪು ಮಸಿಯ ಪೆನ್ನು ತೆಗೆದರು. ಮಗಳು ಕಣ್ಣು ಮುಚ್ಚಿಕೊಂಡರು. ಟೀಚರ್ ಪೆನ್ನನ್ನು ಮಗಳ ಬೆರಳುಗಳ ನಡುವೆ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು, ಆ ಮಾಸಿದ ಗೆರೆಯ ಮೇಲೇ ಎಳೆದರು. ಮತ್ತೊಮ್ಮೆ ಎಳೆದರು. ಮತ್ತೆ, ಮತ್ತೆ. ಗೆರೆ ದಪ್ಪವಾಯಿತು, ಹಾಳೆ ಒದ್ದೆಯಾಯಿತು, ಇಬ್ಬರ ಬೆರಳೂ ಕೆಂಪಾದವು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ಇದು ಕಿವಿ ಡಾಕ್ಟ್ರ ಊರಿನ ಪದ್ಧತಿ. ಅವ್ರ ಕಡೆ ಯಾರೂ ಹರಿಯೂದಿಲ್ಲಂತ."

ಮಗಳು ತಾಯಿಯ ಬಲಗಿವಿಯ ಹತ್ತಿರ ಬಾಗಿ ಏನೋ ಹೇಳತೊಡಗಿದರು. ಜಪಾನಿಯಲ್ಲಿ, ತಡವರಿಸುತ್ತ, ಮುರಿದ ಮಾತುಗಳಲ್ಲಿ. ನಾನು ಹೊರಗೆ ಬಂದು, ಕಾರಿನಲ್ಲೇ ಉಳಿದಿದ್ದ ನನ್ನ ಮಗಳ ಪಕ್ಕ ಕೂತೆ. ಬಹಳ ಹೊತ್ತಿನ ಮೇಲೆ ಟೀಚರ್ ಗೇಟಿನವರೆಗೆ ಬಂದರು. ಆ ಹೊತ್ತಿಗೆ ಕಿವಿಗೆ ಮತ್ತೆ ಕೆಂಪು ಹತ್ತಿತ್ತು. ಕೇಳಿಸಿತೇ ಎಂದು ಸನ್ನೆಯಲ್ಲೇ ಕೇಳಿದೆ.

"ಅರ್ಧ ಕೇಳಿಸ್ತು," ಎಂದರು. "ಇನ್ನರ್ಧ ಮೊದಲ ಗೊತ್ತಿತ್ತು."

ಅವರು ಸಿಡ್ನಿಗೆ ಮರಳಿ ಬರಲಿಲ್ಲ. ಆ ಚಳಿಗಾಲದಲ್ಲಿ ಬಲಗಿವಿಯೂ ಹೋಯಿತು. ಮೆಲ್ಬರ್ನಿಗೆ ಹೋದಾಗಲೆಲ್ಲ ನಾವು ಹೋಗಿ ನೋಡುತ್ತಿದ್ದೆವು. ತಾಯಿ ಮಗಳು ಮೇಜಿನ ಎರಡು ಕಡೆ ಕೂತು ಬರೆದು ಬರೆದು ಮಾತಾಡುತ್ತಿದ್ದರು, ಎಲ್ಲ ದಣಿದವರ ಅಕ್ಷರದಲ್ಲೇ. ಕೊನೆಯ ಸಲ ಹೋದಾಗ ಮಗಳ ಕಿವಿಗೂ ಕೆಂಪು ಹತ್ತಿತ್ತು.

ಈ ವರ್ಷ ಮಳೆ ಹಿಡಿದ ಒಂದು ಸಂಜೆ ಟೀಚರ ಮಗಳಿಂದ ಫೋನ್ ಬಂತು. ಮೆಸೇಜ್ ಅಲ್ಲ, ಫೋನ್. ಅಮ್ಮ ಹೋದರು ಎಂದರು. ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲವಂತೆ. ನಾನು ಕ್ಲಿನಿಕ್ಕಿನಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತವಳು, ಚೀಲವನ್ನೂ ಇಳಿಸಿರಲಿಲ್ಲ. ಗಂಟಲಲ್ಲಿ ದನಿ ಇರಲಿಲ್ಲ. ಹೂಂ ಎಂದೆ, ಮತ್ತೆ ಹೂಂ ಎಂದೆ. ಫೋನಿಟ್ಟು ತಲೆಯೆತ್ತಿದೆ. ನನ್ನ ಮಗಳು ತನ್ನ ಕೋಣೆಯಿಂದ ಬಂದು ಎದುರಿಗೆ ನಿಂತಿದ್ದಳು.

"ಅಮ್ಮ," ಎಂದಳು. "ನೀನು ಚಾ ಬೇಕು? ನಾನು ಮಾಡ್ತದೆ."

ಎಷ್ಟು ವರ್ಷಗಳಾಗಿದ್ದವು ಅವಳ ಬಾಯಲ್ಲಿ ಕನ್ನಡ ಕೇಳಿ.

"ಮಾಡವ್ವಾ," ಎಂದೆ.

ಸಕ್ಕರೆ ಜಾಸ್ತಿ ಬಿದ್ದಿತ್ತು, ಚಹಾಪುಡಿ ಕುದ್ದಿರಲಿಲ್ಲ. ಅವಳು ಸ್ಟೂಲೆಳೆದುಕೊಂಡು ನನ್ನ ಬಲಗಡೆಗೇ ಬಂದು ಕೂತಳು. ಕಪ್ಪು ಸುಡುತ್ತಿತ್ತು. ನನ್ನ ಬೆರಳು ತಾನಾಗಿಯೇ ಕಿವಿಯ ಹಾಲೆಗೆ ಹೋಯಿತು. ಅವರು ಹೇಳಿದ್ದು ನಿಜ, ಅಲ್ಲಿ ತಣ್ಣಗಿತ್ತು.